ರಸ್ತೆ ಬರೆಯ ಕಳೆ: ಎಲ್ಲಿಂದ ಕೈ ಹಚ್ಚಬೇಕು?

ಕಕ್ಕಡ 18, ಅಂದರೆ ಕೊಡವರ ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ, ಹತ್ತಿರ ಬಂತೆಂದರೆ ಕೊಡಗಿನಲ್ಲಿ ಮದ್ದುಸೊಪ್ಪಿನ ಹುಡುಕಾಟ ಶುರು. ತೋಟದ ಬೇಲಿ, ತೋಡಿನ ದಂಡೆ, ರಸ್ತೆ ಪಕ್ಕದ ಬರೆ (ಇಳಿಜಾರಾದ ಮಣ್ಣಿನ ದಿಬ್ಬ), ಹೀಗೆ ನೆರಳೂ ತೇವವೂ ಇರುವಲ್ಲಿ ಬೆಳೆಯುವ ಪಶ್ಚಿಮ ಘಟ್ಟದ ಗಿಡ ಅದು. ಬೇಯಿಸಿದ ನೀರು ಕಡು ನೇರಳೆಯಾಗುತ್ತದೆ, ಆ ನೀರಲ್ಲೇ ಪಾಯಸ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಕೋವಿಗೆ ಮುಡಿಸುವ ತೋಕ್ ಪೂ (ಅಗ್ನಿಶಿಖೆ ಹೂ) ಕೂಡ ಇಂಥ ಬೇಲಿಯಂಚುಗಳದ್ದೇ. ಈಗ ಈ ಜಾಗಗಳಿಗೆ ಮೈಕೇನಿಯ ಬಳ್ಳಿ, ಲಂಟಾನ, ಕಮ್ಯುನಿಸ್ಟ್ ಗಿಡ ಎಂಬ ಕಳೆಗಳು ನುಗ್ಗಿವೆ. ಮೂರರ ತವರೂ ಅಮೆರಿಕ ಖಂಡಗಳ ಬಿಸಿಲುನಾಡು.

ರಸ್ತೆ ಅಗಲ ಮಾಡಲು ಬರೆ ಕಡಿದಾಗ ಮರದ ನೆರಳು ಹೋಗಿ ಬರಿ ಮಣ್ಣಿಗೆ ಬಿಸಿಲು ಬೀಳುತ್ತದೆ. ಈ ಕಳೆಗಳಿಗೆ ಬೇಕಾದದ್ದು ಅದೇ. 2018ರ ಆಗಸ್ಟಿನ ಭೂಕುಸಿತವೂ ಮಡಿಕೇರಿ ಸುತ್ತಮುತ್ತ ಅಂಥ ಬರಿ ಮಣ್ಣನ್ನು ಬೇಕಾದಷ್ಟು ತೆರೆದಿಟ್ಟಿತು.

ಮೈಕೇನಿಯದ ಒಂದು ಎಳೆ ಎತ್ತಿ ನೋಡಿ. ಹೃದಯದಾಕಾರದ ಎಲೆಗಳು ಜೋಡಿಜೋಡಿಯಾಗಿರುತ್ತವೆ. ನೆಲಕ್ಕೆ ತಾಗಿದ ಗೆಣ್ಣುಗಳಲ್ಲೆಲ್ಲ ಬಿಳಿ ಬೇರು ಇಳಿದಿರುತ್ತದೆ. ಒಂದು ಗೆಣ್ಣಿರುವ ತುಂಡು ಉಳಿದರೂ ಹೊಸ ಬಳ್ಳಿ ಎದ್ದೀತು. ಹಾಗಾಗಿ ಯಂತ್ರ ಹಿಡಿದು ಸಿಕ್ಕಿದ್ದನ್ನೆಲ್ಲ ಕೊಚ್ಚುವ ಜಂಗಲ್ ಕಟಿಂಗ್ ಬಳ್ಳಿಯನ್ನು ಕೊಲ್ಲುವುದಿಲ್ಲ, ತುಂಡು ಮಾಡಿ ನೆಡುತ್ತದೆ. ಅದರ ಜೊತೆ ಮದ್ದುಸೊಪ್ಪೂ ನೆಲಸಮವಾಗುತ್ತದೆ ಎಂಬುದೇ ನನ್ನ ಸಂಕಟ.

ಇದಕ್ಕೆ ಬೇರೆ ದಾರಿ ತೋರಿಸಿದವರು ಆಸ್ಟ್ರೇಲಿಯದ ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು. 1960ರ ದಶಕದಲ್ಲಿ ಅವರು ತಮ್ಮ ಊರಿನ ಕುರುಚಲು ಕಾಡಿನ ಕಳೆಯನ್ನು ಕೈಯಿಂದಲೇ ಕೀಳುತ್ತ ಹೋದರು. ಅವರ ಕ್ರಮ ಹೀಗೆ: ಕಳೆ ದಟ್ಟವಾಗಿರುವಲ್ಲಿ ಮೊದಲು ಕೈ ಹಾಕಬಾರದು, ನಾಡಗಿಡಗಳು (ಆ ಜಾಗದ ಮೂಲ ಗಿಡಗಳು) ಚೆನ್ನಾಗಿ ಉಳಿದಿರುವಲ್ಲಿಂದ ಹೊರಡಬೇಕು. ಮಣ್ಣನ್ನು ಆದಷ್ಟು ಕಮ್ಮಿ ಕೆದಕಬೇಕು, ಸರಿಸಿದ ತರಗನ್ನು ಮತ್ತೆ ಹರಡಬೇಕು. ತೆರವಾದ ಜಾಗವನ್ನು ನಾಡಗಿಡಗಳು ತುಂಬಿದ ಮೇಲಷ್ಟೇ ಮುಂದಿನ ಹೆಜ್ಜೆ.

ನಮ್ಮ ಬರೆಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಜರಿಗಿಡ, ಕರ್ಣಕುಂಡಲ, ಮದ್ದುಸೊಪ್ಪು ಒಟ್ಟಿಗಿರುವ ತುಣುಕು ಗುರುತಿಸಿ ಅದರ ಅಂಚಿನ ಕಳೆ ತೆಗೆಯಿರಿ. ಮಣ್ಣು ಹಸಿಯಿರುವಾಗ, ಹೂ ಬಿಡುವ ಮೊದಲೇ ಮೈಕೇನಿಯವನ್ನು ಬೇರು ಸಮೇತ ಎಳೆಯಬೇಕು. ಕಿತ್ತದ್ದನ್ನು ತೋಡಿಗೆ ಎಸೆಯದೆ, ನೆಲಕ್ಕೆ ತಾಗದಂತೆ ಒಣಗಿಸಬೇಕು. ಲಂಟಾನವಾದರೆ ಬೇರನ್ನು ನೆಲದಿಂದ 3–5 ಸೆಂಟಿಮೀಟರ್ ಕೆಳಗೆ ಕಡಿದು ಗಿಡವನ್ನು ತಲೆಕೆಳಗಾಗಿ ಇಡುವ ವಿಧಾನವಿದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ್ದು ಅದು. ಆದರೆ ಕಡಿದಾದ ಬರೆಯಲ್ಲಿ ಮಣ್ಣು ಹಿಡಿದಿರುವುದು ಲಂಟಾನದ ಬೇರೇ ಆಗಿದ್ದರೆ, ಮಳೆ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಆಮೇಲೂ ಸ್ವಲ್ಪಸ್ವಲ್ಪವೇ ತೆಗೆಯಿರಿ.

ಮಣ್ಣಿನಲ್ಲಿ ಉಳಿದ ಬೀಜ ಮರುವರ್ಷವೂ ಮೊಳೆಯುತ್ತದೆ, ಅದೇ ತುಣುಕಿಗೆ ಮತ್ತೆ ಹೋಗಲೇಬೇಕು. ಪಂಚಾಯಿತಿಗಳಲ್ಲಿ ನನ್ನ ಕೋರಿಕೆ ಇಷ್ಟು: ಜಂಗಲ್ ಕಟಿಂಗ್‌ಗೆ ಆಳು ಕಳಿಸುವ ಮುನ್ನ ಗಿಡ ಬಲ್ಲ ಊರವರೊಬ್ಬರನ್ನು ಕರೆದೊಯ್ದು, ಯಂತ್ರ ಮುಟ್ಟಬಾರದ ಜಾಗಗಳಿಗೆ ಗೂಟ ಹೊಡೆಸಿ.