ಊರಿಗೆ ವಾಪಸ್ ಬರೋ ಮುಂಚೆ ಪಹಣಿಯಲ್ಲಿ ಯಾರ ಹೆಸರಿದೆ ನೋಡ್ಕೊಳ್ಳಿ

ದಸರಾ ರಜೆ, ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಹಾಸನದ ನಮ್ಮ ಆಫೀಸಿಗೆ ಒಂದು ಥರದ ಕಕ್ಷಿದಾರರು ಜಾಸ್ತಿ ಬರ್ತಾರೆ. ಬೆಂಗಳೂರಲ್ಲಿ ಹತ್ತು ಹದಿನೈದು ವರ್ಷ ದುಡಿದಿರ್ತಾರೆ, ಫ್ಲ್ಯಾಟಿನ ಸಾಲ ಮುಕ್ಕಾಲು ತೀರಿರುತ್ತೆ, ಮಕ್ಕಳು ಇನ್ನೂ ಪ್ರೈಮರಿ, ಊರಲ್ಲಿ ಒಂದು ವಾರ ಇದ್ದು ಅಮ್ಮನ ಕೈ ಅಡುಗೆ ಉಂಡು ತೋಟ ಸುತ್ತಿ ಬಂದಿರ್ತಾರೆ, "ಸಾರ್ ಸಾಕಾಗೋಗಿದೆ, ಊರಿಗೇ ಬಂದ್ಬಿಡೋಣ ಅಂತ, ಸ್ವಲ್ಪ ಪೇಪರ್ ನೋಡ್ಬಿಡಿ" ಅಂತಾರೆ. ನಾನು ಸಿವಿಲ್, ರೆವಿನ್ಯೂ ಕೇಸ್ ನೋಡೋ ವಕೀಲ. ಸಿಟಿ ಒಳ್ಳೇದಾ ಹಳ್ಳಿ ಒಳ್ಳೇದಾ ಅಂತ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಆದ್ರೆ ಬಂದವರಲ್ಲಿ ಎಷ್ಟೋ ಜನ ಎರಡು ಮೂರು ವರ್ಷಕ್ಕೆ ಮತ್ತೆ ಬೆಂಗಳೂರು ಬಸ್ ಹತ್ತಿದ್ದನ್ನ ನೋಡಿದೀನಿ, ಅವರು ಹೋಗಿದ್ದು ಮಳೆಗೋ ನೆಟ್‌ವರ್ಕಿಗೋ ಸೊಳ್ಳೆಗೋ ಅಲ್ಲ, ಬಹಳ ಸಲ ಮನೆಯವರ ಜೊತೆಗಿನ ಲೆಕ್ಕ ತೀರಿಸದೇ ಬಂದಿದ್ದಕ್ಕೆ.

ಮೊದಲು ಪಹಣಿ ತೆಗೆಸಿ ಅಂತೀನಿ. ಈಗ ಮೊಬೈಲಲ್ಲೇ ಸಿಗುತ್ತೆ, ಆದ್ರೂ ಬಹಳ ಜನ ಅಪ್ಪನ ಜಮೀನಿನ ಪಹಣಿನ ಜೀವನದಲ್ಲಿ ಒಂದು ಸಲಾನೂ ಪೂರ್ತಿ ಓದಿರಲ್ಲ. ಕಾಲಂ 9ರಲ್ಲಿ ಮಾಲೀಕರ ಹೆಸರು. ಅಲ್ಲಿ ನೋಡಿದ್ರೆ ತಾತನ ಹೆಸರು, ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿದೆ, ಅಪ್ಪನೂ ಇಲ್ಲ, ಪೌತಿ ಖಾತೆ, ಅಂದ್ರೆ ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸೋಕೆ ಯಾರೂ ಹೋಗಿಲ್ಲ. ಇಲ್ಲಾಂದ್ರೆ ದೊಡ್ಡಪ್ಪ ಚಿಕ್ಕಪ್ಪ ಎಲ್ಲರ ಹೆಸರೂ ಸಾಲಾಗಿದ್ದು ಪಕ್ಕದಲ್ಲಿ 'ಜಂಟಿ' ಅಂತ ಇರುತ್ತೆ. ಕಾಲಂ 11ರಲ್ಲಿ ಸೊಸೈಟಿ ಸಾಲ, ಬ್ಯಾಂಕ್ ಸಾಲ. ಕಾಲಂ 12ರಲ್ಲಿ ಬೇಸಾಯ ಯಾರು ಮಾಡ್ತಾ ಇದಾರೆ, ಏನ್ ಬೆಳೆ ಅನ್ನೋದು. ಈ ಮೂರು ಕಾಲಂ ಓದಿದ್ರೆ ಮನೆ ಒಳಗಿನ ಅರ್ಧ ಕಥೆ ಗೊತ್ತಾಗುತ್ತೆ.

ಆಮೇಲೆ ಬೀರುವಿಂದ ಒಂದು ಹಳೇ ಛಾಪಾ ಕಾಗದ ಹೊರಗೆ ಬರುತ್ತೆ. "ಇದ್ರಲ್ಲಿ ಎಲ್ಲಾ ಭಾಗ ಆಗಿದೆ ಸಾರ್." ಊರಿನ ನಾಲ್ಕು ಜನ ಹಿರಿಯರು ಕೂತು ಬರೆಸಿದ ಪಾರಿಕತ್ತು, ಪೂರ್ವದ ಹಲಸಿನ ಮರದಿಂದ ಪಶ್ಚಿಮದ ಬೇಲಿವರೆಗೆ ಹಿರೇ ಮಗನಿಗೆ, ಹೀಗೆ. ಹಲಸಿನ ಮರ ಈಗ ಇಲ್ಲ. ರಿಜಿಸ್ಟರ್ ಆಗಿಲ್ಲ, ಅದರ ಪ್ರಕಾರ ಖಾತೆಯೂ ಬದಲಾಗಿಲ್ಲ, ಹೆಣ್ಣುಮಕ್ಕಳ ಸಹಿಯಂತೂ ಮೊದಲೇ ಇಲ್ಲ. ಇಲ್ಲೇ ಜನ ಎಡವೋದು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳನ್ನ ಪಿತ್ರಾರ್ಜಿತದಲ್ಲಿ ಪಾಲುದಾರರು ಅಂತ ತಿದ್ದುಪಡಿ ಮಾಡಿದ್ರು, ಅದರಲ್ಲಿ ಆಗಲೇ ಮದುವೆ ಆದವರನ್ನ ಬಿಟ್ಟಿದ್ರು, ಆಮೇಲೆ 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದವೂ ಹೋಯ್ತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿ, 2005ರಲ್ಲಿ ಅಪ್ಪ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಹೇಳ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ರೆ ಅಥವಾ ಕೋರ್ಟ್ ಡಿಕ್ರಿ ಆಗಿದ್ರೆ ಅದು ನಿಲ್ಲುತ್ತೆ. ಬಾಯಿಮಾತಿನ ಭಾಗನ ಕೋರ್ಟ್ ಸುಲಭಕ್ಕೆ ಒಪ್ಪಲ್ಲ, ಖಾತೆ ಬೇರೆ ಆಗಿರೋದು, ಕಂದಾಯ ಬೇರೆ ಬೇರೆ ಕಟ್ಟಿರೋದು, ಇಂಥ ಸರ್ಕಾರಿ ದಾಖಲೆ ಬೇಕು.

"ಅಕ್ಕ ಏನೂ ಕೇಳಲ್ಲ ಸಾರ್" ಅಂತಾರೆ. ಇರಬಹುದು, ಅಕ್ಕ ಕೇಳಲ್ಲ. ಆದ್ರೆ ನೀವು ಬೆಂಗಳೂರಿನ ಫ್ಲ್ಯಾಟ್ ಮಾರಿ ಆ ಜಾಗದಲ್ಲಿ ಅರವತ್ತು ಎಪ್ಪತ್ತು ಲಕ್ಷದ ಮನೆ ಕಟ್ಟಿದ ಮೇಲೆ ಅಕ್ಕನ ಮಗ ಕೇಳ್ತಾನೆ. ಕೇಳೋದು ತಪ್ಪೂ ಅಲ್ಲ. ಅದಕ್ಕೇ ಅಡಿಪಾಯ ತೆಗೆಯೋ ಮುಂಚೆ ಅಕ್ಕಂದಿರನ್ನ ಕೂರಿಸಿ ಮಾತಾಡಿ, ಅವರ ಪಾಲು ಕೊಡಿ, ಅಥವಾ ಅವರೇ ಖುಷಿಯಿಂದ ಬಿಡೋದಾದ್ರೆ ಹಕ್ಕು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಿ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಸಹಿ ಹಾಕಿಸ್ಕೊಳ್ಳೋ ಕೆಲಸಕ್ಕೆ ದಯವಿಟ್ಟು ನನ್ನ ಹತ್ರ ಬರಬೇಡಿ.

ಅಕ್ಕತಂಗಿಯರ ವಿಚಾರಕ್ಕೆ ಕಾನೂನು ಇದೆ, ಅದಕ್ಕಿಂತ ಸೂಕ್ಷ್ಮವಾದ್ದು ಊರಲ್ಲೇ ಉಳಿದ ತಮ್ಮನ ವಿಚಾರ. ಆಲೂರು ಕಡೆಯ ಒಂದು ಮನೆ, ಹೆಸರು ಬೇಡ. ಅಣ್ಣ ಬೆಂಗಳೂರಲ್ಲಿ ಕಂಪನಿ ಕೆಲಸ, ತಮ್ಮ ಪಿಯುಸಿಗೆ ನಿಲ್ಲಿಸಿ ಊರಲ್ಲೇ ಬೇಸಾಯ. ಆರು ಎಕರೆ ಚಿಲ್ಲರೆ, ಕೆಳಗೆ ಗದ್ದೆ, ಮೇಲೆ ಕಾಫಿ. ಅಣ್ಣ ಬಂದು ರಸ್ತೆ ಪಕ್ಕದ ಒಂದು ಎಕರೆಯಲ್ಲಿ ಮನೆ ಕಟ್ತೀನಿ ಅಂದ್ರು, ಕಾಗದದಲ್ಲಿ ಅದು ಅರ್ಧಕ್ಕಿಂತ ಕಮ್ಮಿ, ನ್ಯಾಯವಾಗೇ ಕಾಣುತ್ತೆ. ತಮ್ಮನ್ನ ಕರೆಸಿದೆ. ಅವನು ಚೇರಿನ ತುದಿಯಲ್ಲಿ ಕೂತು, "ಬರ್ಲಿ ಸಾರ್, ಅಣ್ಣ ಬರೋದು ಬೇಡ ಅಂದೋರ್ಯಾರು, ಆದ್ರೆ ಆ ಎಕರೆ ಒಳಗೇ ಬೋರು ಇರೋದು, ಸಿಲ್ವರ್ ಮರಕ್ಕೆ ಮೆಣಸು ಹಬ್ಬಿಸಿರೋದೂ ಅಲ್ಲೇ, ಈಗ ತಾನೇ ಫಸಲು ಹಿಡಿದೈತೆ" ಅಂದ. ಬೋರ್ ತೆಗೆಸಿದ್ದು ಯಾರು ಅಂದೆ. ಅವನ ಹೆಂಡತಿ ಒಡವೆ ಇಟ್ಟು ತೆಗೆಸಿದ್ದು, ಮೊದಲನೇದು ಫೇಲ್, ಎರಡನೇದಕ್ಕೆ ನೀರು. ಕರೆಂಟಿನ ಆರ್.ಆರ್. ನಂಬರ್ ಅಪ್ಪನ ಹೆಸರಲ್ಲಿ, ಬೆಳೆಸಾಲ ಇವನ ತಲೆ ಮೇಲೆ. ಅಣ್ಣನಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿದ್ದಿದ್ದು ಹಬ್ಬಕ್ಕೆ ಬಂದಾಗ ಮೋಟ್ರು ಹಾಕಿದ್ರೆ ನೀರು ಬರ್ತಿತ್ತು ಅನ್ನೋದು ಅಷ್ಟೇ. ಅವರು ಕೆಟ್ಟವರೇನಲ್ಲ, ಅಪ್ಪನ ಆಪರೇಷನ್ನಿಗೆ ಪೂರ್ತಿ ದುಡ್ಡು ಹಾಕಿದ್ದು ಅವರೇ, ಅದನ್ನ ತಮ್ಮನೂ ಒಪ್ಪಿದ.

ಇಂಥ ಕಡೆ ಕೋರ್ಟಿಗೆ ಹೋದ್ರೆ ಏನಾಗುತ್ತೆ ಅಂದ್ರೆ ಪಾಲು ಸಮ ಅಂತ ಪ್ರಾಥಮಿಕ ಡಿಕ್ರಿ ಆಗುತ್ತೆ, ಅದಕ್ಕೆ ವರ್ಷಗಟ್ಟಲೆ, ಆಮೇಲೆ ಅಪೀಲು, ಆಮೇಲೆ ಫೈನಲ್ ಡಿಕ್ರಿ, ಕಂದಾಯದ ಜಮೀನಾದ್ರಿಂದ ಅಳತೆ ಮಾಡಿ ಹಂಚೋಕೆ ಮತ್ತೆ ರೆವಿನ್ಯೂ ಕಡೆಗೆ, ಅಷ್ಟರಲ್ಲಿ ಮಕ್ಕಳು ಕಾಲೇಜು ಮುಗಿಸಿರ್ತಾರೆ. ಬೆಳೆಸಿದ ಭಾಗ ಬೆಳೆಸಿದವನಿಗೇ ಬರೋ ಥರ ಹಂಚೋದನ್ನ ಕೋರ್ಟೂ ನೋಡುತ್ತೆ, ಗ್ಯಾರಂಟಿ ಮಾತ್ರ ಯಾರೂ ಕೊಡೋಕಾಗಲ್ಲ. ನಾವು ಮಾಡಿದ್ದು ಇಷ್ಟು: ಅಣ್ಣ ಮೇಲಿನ ಕಲ್ಲುಭೂಮಿ ತಗೊಂಡ್ರು, ಅದಕ್ಕೂ ಒಂದು ಮೂಲೆಯಲ್ಲಿ ರಸ್ತೆ ತಾಗುತ್ತೆ, ಬೋರಿನ ಖರ್ಚಲ್ಲಿ ಅರ್ಧ ತಮ್ಮನಿಗೆ ಕೊಟ್ಟು ವಾರದಲ್ಲಿ ಎರಡು ದಿನ ನೀರು ಅಂತ ವಿಭಾಗ ಪತ್ರದಲ್ಲೇ ಬರೆಸಿದ್ವಿ, ಸರ್ವೆ ನಂಬರ್ ಒಡೆಯೋದಕ್ಕೆ 11ಇ ನಕ್ಷೆ ಮಾಡಿಸಿ ರಿಜಿಸ್ಟರ್ ಆಯ್ತು. ನೀರಿನ ಸಾಲು ಬರೆಸೋವಾಗ ಅಣ್ಣಂಗೆ ಸ್ವಲ್ಪ ಬೇಜಾರಾಯ್ತು, ಒಡಹುಟ್ಟಿದವರ ಮಧ್ಯೆ ಇದನ್ನೂ ಬರೀಬೇಕಾ ಅಂತ. ಬರೀಬೇಕು. ಏಪ್ರಿಲ್‌ನಲ್ಲಿ ಅಂತರ್ಜಲ ಇಳಿದಾಗ ಒಡಹುಟ್ಟಿದವರೇ ಗೇಟ್‌ವಾಲ್ವ್ ಹತ್ರ ಜಗಳ ಆಡೋದು.

ಪಿತ್ರಾರ್ಜಿತ ಇಲ್ಲದವರು, ಹೊಸದಾಗಿ ಜಮೀನು ಕೊಳ್ಳೋರು, ಅವರದ್ದು ಬೇರೆ ಕಥೆ. ಮುಂಚೆ ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ, ರೈತ ಕುಟುಂಬ ಅಂತ ತೋರಿಸಬೇಕಿತ್ತು, 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಬಾಗಿಲು ತೆರೆದಂಗಾಯ್ತು. ಅದರ ಮೇಲೆ ಕಾಫಿಗೆ ಒಳ್ಳೇ ರೇಟ್ ಬಂತು, ಸಕಲೇಶಪುರ ಮೂಡಿಗೆರೆ ಕಡೆ ಭಾನುವಾರ ಬಂದ್ರೆ ಬ್ರೋಕರ್‌ಗಳ ಜೀಪೇ ಜೀಪು. ಕೊಳ್ಳೋಕೆ ಅಡ್ಡಿ ಹೋಗಿದೆ ನಿಜ, ಆದ್ರೆ ಜಮೀನಿನ ಮೇಲಿರೋ ಅಡ್ಡಿ ಹಾಗೇ ಇದೆ, ಇದನ್ನ ಬ್ರೋಕರ್ ಹೇಳಲ್ಲ.

ಮಲೆನಾಡಲ್ಲಿ ತೋಟ ಮಾರೋವಾಗ "ಒಟ್ಟು ಹನ್ನೆರಡು ಎಕರೆ, ಎಂಟು ಹಿಡುವಳಿ, ನಾಲ್ಕು ಒತ್ತುವರಿ" ಅಂತಾನೆ ಮಾತು ಶುರುವಾಗೋದು. ಹಿಡುವಳಿ ಅಂದ್ರೆ ಪಹಣಿ ಇರೋದು, ಒತ್ತುವರಿ ಅಂದ್ರೆ ಸರ್ಕಾರಿ ಜಾಗ ಸೇರಿಸ್ಕೊಂಡು ಗಿಡ ಹಾಕಿರೋದು. ರೇಟ್ ಹೇಳೋದು ಹನ್ನೆರಡಕ್ಕೂ. "ಫಾರಂ 57 ಹಾಕಿದೀವಿ, ಇವತ್ತಲ್ಲ ನಾಳೆ ಆಗುತ್ತೆ" ಅಂತಾರೆ, ಅದು ಒತ್ತುವರಿ ಸಕ್ರಮ ಮಾಡ್ಕೊಡಿ ಅನ್ನೋ ಅರ್ಜಿ, ಹಾಕಿರೋದು ಮಾರೋನ ಹೆಸರಲ್ಲಿ, ಅದನ್ನ ನೀವು ಕೊಂಡ್ಕೊಳ್ಳೋಕಾಗಲ್ಲ, ರಿಜಿಸ್ಟರ್ ಆಗೋದು ಎಂಟು ಎಕರೆ ಮಾತ್ರ. ಇನ್ನೊಂದು ಮಾತು ಈ ಕಡೆ ಎಲ್ಲರ ಬಾಯಲ್ಲೂ ಇರುತ್ತೆ, "ಸೆಕ್ಷನ್ 4 ಆಗಿದೆ, 17 ಆಗಿಲ್ಲ." 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ 4 ಅಂದ್ರೆ ಈ ಜಾಗನ ಮೀಸಲು ಅರಣ್ಯ ಮಾಡಬೇಕು ಅಂತ ಇದೀವಿ ಅನ್ನೋ ಅಧಿಸೂಚನೆ, 17 ಅಂದ್ರೆ ಮಾಡಿದೀವಿ ಅನ್ನೋದು. ಮಧ್ಯದಲ್ಲಿ ದಶಕಗಟ್ಟಲೆ ನಿಂತಿರೋ ಸರ್ವೆ ನಂಬರ್‌ಗಳು ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೇಕಾದಷ್ಟಿವೆ. 17 ಆಗಿಲ್ಲ ಅಂತ ಸಮಾಧಾನ ಮಾಡ್ಕೊಂಡು ದುಡ್ಡು ಹಾಕೋದು ನಿಮ್ಮಿಷ್ಟ, ನಾನು ಹಾಕಲ್ಲ.

ಪಿಟಿಸಿಎಲ್ ಅಂತೂ ಇನ್ನೂ ದೊಡ್ಡದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೇ ಮಾರೋ ಹಾಗಿಲ್ಲ, 1978ರ ಕಾಯ್ದೆ, 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತಾನೂ ಸೇರಿಸಿದ್ರು. ಮೂರು ಕೈ ಬದಲಾಗಿ ಬಂದಿದ್ರೂ ಮೂಲ ಮಂಜೂರಾತಿ ಯಾರಿಗೆ ಆಗಿದ್ದು ಅಂತ ನೋಡ್ಬೇಕು, ಬರೀ ಹದಿಮೂರು ವರ್ಷದ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ ಕ್ಲೀನ್ ಇದೆ ಅನ್ನೋದು ಸಾಲಲ್ಲ. ಕಾಯ್ದೆ ಇರೋದು ಯಾರ ಕೈಯಿಂದ ಜಮೀನು ಜಾರಿಹೋಯ್ತೋ ಅವರಿಗಾಗಿ, ಅದು ಸರಿಯೇ, ಕೊಳ್ಳೋರು ಮೊದಲೇ ತಿಳ್ಕೊಂಡು ದೂರ ಇರಬೇಕು ಅಷ್ಟೇ.

ದಾರಿ ಒಂದು ಮರೀಬೇಡಿ. ಬ್ರೋಕರ್ ಜೀಪ್ ಹೋಯ್ತು ಅಂದ ಮಾತ್ರಕ್ಕೆ ದಾರಿ ಇದೆ ಅಂತಲ್ಲ. ಗ್ರಾಮ ನಕಾಶೆಯಲ್ಲಿ ದಾರಿ ಇದೆಯಾ ನೋಡಿ, ಇಲ್ಲದಿದ್ರೆ ಪಕ್ಕದವರ ಜಮೀನಲ್ಲಿ ಓಡಾಡ್ತಾ ಇದೀರಿ, 20 ವರ್ಷ ಬಿಡದೇ ಹಕ್ಕಾಗಿ ಓಡಾಡಿದ್ರೆ ಕಾನೂನಿನ ರಕ್ಷಣೆ ಕೇಳ್ಬಹುದು, ಆದ್ರೆ ಅದನ್ನ ಸಾಬೀತು ಮಾಡೋ ಸಾಕ್ಷಿಗಳು ಆ ಊರಿನವರೇ, ನೀವು ಹೊಸಬರು. ಇನ್ನು ಮನೆ. ಹಿಡುವಳಿಯ ಶೇ. 10ರ ಮಿತಿಯಲ್ಲಿ ಸ್ವಂತ ವಾಸಕ್ಕೆ ಫಾರ್ಮ್‌ಹೌಸ್ ಕಟ್ಟೋಕೆ ಕಾನೂನಲ್ಲಿ ಅವಕಾಶ ಇದೆ, ಅದನ್ನೇ ಶನಿವಾರ ಭಾನುವಾರ ಬಾಡಿಗೆಗೆ ಬಿಟ್ಟು ಹೋಂಸ್ಟೇ ಮಾಡ್ತೀನಿ ಅಂದ್ರೆ ಅದು ಬೇರೆ ಲೈಸೆನ್ಸು, ಬೇರೆ ತಲೆನೋವು.

ಕಾಗದ ಎಲ್ಲಾ ಸರಿ ಇದ್ರೂ ಅಡ್ವಾನ್ಸ್ ಕೊಡೋ ಮುಂಚೆ ಜುಲೈಯಲ್ಲಿ ಒಂದು ಸಲ ಬಂದು ಒಂದು ವಾರ ಇರಿ. ಎಲ್ಲರೂ ಬರೋದು ಮಾರ್ಚಲ್ಲಿ, ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿರುತ್ತೆ, ಯಾರಿಗಾದ್ರೂ ತಲೆ ತಿರುಗುತ್ತೆ. ಜುಲೈಯಲ್ಲಿ ಕರೆಂಟ್ ಹೋದ್ರೆ ದಿನಗಟ್ಟಲೆ ಬರಲ್ಲ, ಒಗೆದ ಬಟ್ಟೆ ಒಣಗಲ್ಲ, ದೋಣಿಗಾಲ್ ಹತ್ರ ಗುಡ್ಡ ಕುಸಿದ್ರೆ ಶಿರಾಡಿ ಘಾಟ್ ರಸ್ತೆ ಬಂದ್. ಸಕಲೇಶಪುರ ಆಲೂರು ಬೇಲೂರು ಕಡೆ ಆನೆ ಇದ್ದೇ ಇದೆ, ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ವಾಟ್ಸಾಪಲ್ಲಿ ಆನೆ ಎಲ್ಲಿದೆ ನೋಡ್ಕೊಂಡೇ ಹೊರಡೋದು. ಅರಸೀಕೆರೆ ಕಡೆ ಈ ಯಾವುದೂ ಇಲ್ಲ, ಅಲ್ಲಿ ಪ್ರಶ್ನೆ ಒಂದೇ, ನೀರು.

ನನ್ನ ಆಫೀಸಲ್ಲಿ ಗಂಡಸರು ಮಾತಾಡ್ತಾ ಇರ್ತಾರೆ, ಹೆಂಡತಿ ಪಕ್ಕದಲ್ಲಿ ಸುಮ್ನೆ ಕೂತಿರ್ತಾರೆ. ನಾನು ಅವರನ್ನೇ ಕೇಳೋದು, ಏನಮ್ಮಾ ನಿಮಗೆ ಕಾರ್ ಓಡಿಸೋಕೆ ಬರುತ್ತಾ? ಜೋಕ್ ಅನ್ಕೋತಾರೆ. ಸಕಲೇಶಪುರದ ಒಳಗಿನ ಊರಿಂದ ಎದೆನೋವು ಅಂದ್ರೆ ಮೊದಲು ಕ್ರಾಫರ್ಡ್ ಆಸ್ಪತ್ರೆ, ಅಲ್ಲಿಂದ ದೊಡ್ಡದಕ್ಕೆ ಹಾಸನ, ಅದು ಮತ್ತೆ ಸುಮಾರು 40 ಕಿಲೋಮೀಟರ್. ಯಜಮಾನರಿಗೇ ಎದೆನೋವು ಬಂದ್ರೆ ಕಾರ್ ಓಡಿಸೋರು ಯಾರು? ಬೆಂಗಳೂರಲ್ಲಿ ಕ್ಯಾಬ್ ಬರುತ್ತೆ. ಅವರ ಕೆಲಸದ ವಿಚಾರಾನೂ ಅಷ್ಟೇ, ಗಂಡನಿಗೆ ವರ್ಕ್ ಫ್ರಮ್ ಹೋಮ್ ಇದೆ ಅಂತ ಹೆಂಡತಿ ಟೀಚರ್ ಕೆಲಸ ಬಿಟ್ಟು ಬಂದು, ಆಮೇಲೆ ಗಂಡನ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂದಿದ್ದು, ಈ ಕಥೆ ಒಂದಲ್ಲ ಎರಡಲ್ಲ.

ಹಾಗಾಗಿ ನಾನು ಬಹಳ ಜನಕ್ಕೆ ಹೇಳೋದು, ಹಾಸನ ಟೌನಲ್ಲೋ ಚಿಕ್ಕಮಗಳೂರು ಟೌನಲ್ಲೋ ಒಂದು ಬಾಡಿಗೆ ಮನೆ ಮಾಡಿ. ಮಕ್ಕಳ ಸ್ಕೂಲು, ಆಸ್ಪತ್ರೆ ಅಲ್ಲೇ, ಹಾಸನದಲ್ಲಾದ್ರೆ 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲಿದೆ, ಜಮೀನಿಗೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಒಂದು ಮಳೆಗಾಲ, ಒಂದು ಕಾಫಿ ಕುಯ್ಲು ಹೀಗೇ ಕಳೀರಿ, ಆಳು ಎಲ್ಲಿ ಸಿಗ್ತಾರೆ, ಆಳುಗಳಿರೋ ಲೈನ್ ಮನೆ ರಿಪೇರಿಗೆ ಎಷ್ಟಾಗುತ್ತೆ, ತಮ್ಮನ ಮನೆಯವರ ಜೊತೆ ಹೊಂದುತ್ತಾ ಎಲ್ಲಾ ಗೊತ್ತಾಗುತ್ತೆ. ಹೊಸದಾಗಿ ಕಾಫಿ ಹಾಕಿದ್ರೆ ಫಸಲಿಗೆ ಮೂರು ನಾಲ್ಕು ವರ್ಷ ಬೇಕೇ ಬೇಕು, ಆ ನಾಲ್ಕು ವರ್ಷ ಊಟಕ್ಕೆ ದುಡ್ಡು ಬೇರೆ ಕಡೆಯಿಂದಾನೇ ಬರಬೇಕು.

ಕಾಗದದ ಕೆಲಸ ಶುರು ಮಾಡೋಕೆ ಮಾತ್ರ ಇದಕ್ಕೆಲ್ಲ ಕಾಯಬೇಡಿ, ಬೆಂಗಳೂರಲ್ಲಿ ಸಂಬಳ ಬರ್ತಾ ಇರೋವಾಗ್ಲೇ ಶುರು ಮಾಡಿ. ನಾಡಕಚೇರಿಯಲ್ಲಿ ವಂಶವೃಕ್ಷ, ಅದರ ಮೇಲೆ ಪೌತಿ ಖಾತೆ, ಆಮೇಲೆ ಅಳತೆಗೆ ಅರ್ಜಿ. ಸರ್ವೆಯರ್ ಡೇಟ್ ಸಿಗೋಕೆ ತಿಂಗಳುಗಟ್ಟಲೆ ಆಗಬಹುದು, ಡೇಟ್ ಬಂದ ದಿನ ಪಕ್ಕದ ಜಮೀನಿನವರು ಇಲ್ಲದಿದ್ರೆ ಇನ್ನೊಂದು ಡೇಟು. ಆ ದಿನಕ್ಕೆ ನೀವೇ ರಜಾ ಹಾಕಿ ಬನ್ನಿ, ತಮ್ಮನಿಗೆ ಫೋನ್ ಮಾಡಿ ನೀನೇ ನೋಡ್ಕೋ ಅನ್ಬೇಡಿ. ಕಲ್ಲು ನೆಡೋವಾಗ ಅಣ್ಣ ತಮ್ಮ ಇಬ್ಬರೂ ಅಲ್ಲೇ ನಿಂತಿರಬೇಕು.