ಸರ್ಜಾಪುರ ರಸ್ತೆಗೆ ಹೋದರೆ ನೆಮ್ಮದಿ ಸಿಗುತ್ತಾ?

ಆಪ್ತಸಮಾಲೋಚನೆಗೆ ಬರುವ ಗಂಡ-ಹೆಂಡತಿ ಅತ್ತೆಯ ಬಗ್ಗೆ ಹೇಳುತ್ತಾರೆ, ಮಗನ ಮೊಬೈಲ್ ಬಗ್ಗೆ ಹೇಳುತ್ತಾರೆ. ಮಲಗುವ ಕೋಣೆಯ ವಿಚಾರವನ್ನೂ ಸಂಕೋಚ ಬಿಟ್ಟು ಹೇಳಿಬಿಡುತ್ತಾರೆ. ತಿಂಗಳ ಕಂತು ಎಷ್ಟು ಅಂತ ಕೇಳಿದರೆ ಮಾತ್ರ ಇಬ್ಬರೂ ನೆಲ ನೋಡುತ್ತಾರೆ. ಕೆಲವು ಭೇಟಿ ಆದಮೇಲೆ ಒಂದೊಂದೇ ಹೊರಗೆ ಬರುತ್ತದೆ: ಮನೆ ಸಾಲ, ಕಾರಿನ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. "ಮೇಡಂ, ಇನ್ನೂ ಸ್ವಲ್ಪ ಒಳ್ಳೆ ಕಡೆ ಫ್ಲಾಟ್ ತಗೊಂಡುಬಿಟ್ರೆ ಆಮೇಲೆ ಆರಾಮಾಗಿರ್ತೀವಿ."

ಇರುವುದಿಲ್ಲ. ಬಹಳ ಜನರ ವಿಚಾರದಲ್ಲಂತೂ ಇರುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಾವು ಯಾರೂ ಅಂಬಾನಿ ಜೊತೆ ಹೋಲಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ನಿದ್ದೆ ಕೆಡಿಸುವವನು ಷಡ್ಡಕ. ಇಲ್ಲಾ ಜೊತೆಗೇ ಕೆಲಸಕ್ಕೆ ಸೇರಿ ಮೊದಲೇ ಮ್ಯಾನೇಜರ್ ಆದವನು. ಇಲ್ಲಾ ಎದುರು ಫ್ಲಾಟಿನವರು. ಜನ ತಮಗೆ ಹತ್ತಿರ ಇರುವವರನ್ನು ನೋಡಿಯೇ ತಮ್ಮನ್ನು ಅಳೆದುಕೊಳ್ಳುತ್ತಾರೆ ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. ಬೆಂಗಳೂರಿನ ಚಂದ್ರಾ ಲೇಔಟಿನ ಬಾಡಿಗೆ ಮನೆಯಲ್ಲಿದ್ದಾಗ ನಿಮ್ಮ ಕಾರು ಆ ಬೀದಿಗೇ ದೊಡ್ಡದಾಗಿತ್ತು. ಸರ್ಜಾಪುರ ರಸ್ತೆಯ ಗೇಟೆಡ್ ಕಮ್ಯೂನಿಟಿಯ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದಾಗ ಅದೇ ಕಾರು ಚಿಕ್ಕದು. ಕಾರು ಬದಲಾಗಿಲ್ಲ, ಪಕ್ಕದ ಕಾರು ಬದಲಾಗಿದೆ. ಸಂಬಳ ಏರಿತು ಅಂತ ಮನೆ ಬದಲಿಸುತ್ತೀರಿ. ಮನೆ ಬದಲಿಸಿದ ದಿನವೇ ನೀವು ಹೋಲಿಸಿಕೊಳ್ಳುವವರೂ ಬದಲಾಗುತ್ತಾರೆ. ಅವರ ಸಂಬಳ ನಿಮ್ಮದಕ್ಕಿಂತ ಜಾಸ್ತಿಯೇ ಇರುತ್ತದೆ, ಯಾಕೆಂದರೆ ನೀವು ಕಷ್ಟಪಟ್ಟು ಸಾಲ ಮಾಡಿ ಹೋದ ಜಾಗಕ್ಕೆ ಅವರು ಸುಮ್ನೆ ಬಂದಿದ್ದಾರೆ. ಇದನ್ನು ಕೇಳಿ ತಲೆಯಾಡಿಸುತ್ತಾರೆ, ಮುಂದಿನ ವಾರ ಇನ್ನೊಂದು ಪ್ರಾಜೆಕ್ಟಿನ ಬ್ರೋಷರ್ ತರುತ್ತಾರೆ!

"ನಾವು ಹಂಗೆಲ್ಲ ಹೋಲಿಸ್ಕೊಳ್ಳೋ ಜನ ಅಲ್ಲ" ಅನ್ನುವವರಿಗೆ ಒಂದು ಪ್ರಶ್ನೆ. ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮೆನ್ವೇ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಹಾರ್ವರ್ಡ್‌ನವರಿಗೆ ಕೇಳಿದ್ದರು. ನಿಮಗೆ ವರ್ಷಕ್ಕೆ 50 ಸಾವಿರ ಡಾಲರ್, ಉಳಿದವರಿಗೆ 25 ಸಾವಿರ. ಅಥವಾ ನಿಮಗೆ 1 ಲಕ್ಷ, ಉಳಿದವರಿಗೆ 2 ಲಕ್ಷ. ಸಾಮಾನುಗಳ ಬೆಲೆ ಎರಡು ಕಡೆಯೂ ಒಂದೇ. ಯಾವುದು ಬೇಕು? ಹತ್ತಿರಹತ್ತಿರ ಅರ್ಧದಷ್ಟು ಜನ 50 ಸಾವಿರವೇ ಸಾಕು ಅಂದರು. ಓದು ಬರಹ ಬಲ್ಲವರೇ ಅವರೆಲ್ಲ! ರಜೆಯ ಬಗ್ಗೆ ಇದೇ ಥರ ಕೇಳಿದಾಗ ಮಾತ್ರ, ಉಳಿದವರಿಗೆ ಎಷ್ಟಾದರೂ ಸಿಗಲಿ, ನನಗೆ ಜಾಸ್ತಿ ದಿನ ಸಿಗಲಿ ಅಂದವರೇ ಹೆಚ್ಚು. ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಪೈಪೋಟಿ ಜಾಸ್ತಿ. ನಿದ್ದೆ, ರಜೆ, ಮಗು ಮಲಗುವ ಮೊದಲು ಮನೆ ಸೇರುವುದು, ಇವನ್ನು ಯಾರೂ ಪಾರ್ಕಿಂಗಿನಲ್ಲಿ ನಿಲ್ಲಿಸಿ ತೋರಿಸಲು ಆಗುವುದಿಲ್ಲ. ಕಂತು ಜಾಸ್ತಿಯಾದಾಗ ಮೊದಲು ಕೈಬಿಡುವುದೂ ಇವನ್ನೇ. (ರಜೆ ಕೂಡ ಈಗ ಇನ್‌ಸ್ಟಾಗ್ರಾಂಗೆ ಬಂದಿದೆ. 1998ರಲ್ಲಿ ಆ ಕಾಟ ಇರಲಿಲ್ಲ.)

ಹೀಗೇ ಮನೆ ಬದಲಿಸಿದ ಒಂದು ಸಂಸಾರ ನನಗೆ ಪರಿಚಯ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹಳೇ ಮನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಕೇಕು, ಚಿಪ್ಸು, ಅಜ್ಜಿಯ ಕೇಸರಿಬಾತು. ಇಲ್ಲಿ ಕ್ಲಬ್‌ಹೌಸ್, ಬಲೂನಿನವನು, ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್. ಆ ಗಿಫ್ಟ್ ಅಗ್ಗದ್ದು ಅಂತ ಇನ್ನೊಂದು ಮಗು ಅಂದಿತಂತೆ, ಅದಕ್ಕೆ ತಾಯಿ ರಾತ್ರಿಯೆಲ್ಲ ಅತ್ತಿದ್ದಾರೆ. ಗಂಡ ಹೆಚ್ಚು ದುಡ್ಡಿಗೆ ಅಂತ ಅಮೆರಿಕದ ಸಮಯಕ್ಕೆ ಕೆಲಸ ಮಾಡುತ್ತಾರೆ. ಇಬ್ಬರೂ ಬಂದಿದ್ದು ಡಿಶ್‌ವಾಷರ್ ಬೇಕೋ ಬೇಡವೋ ಎಂಬ ಜಗಳ ಹೊತ್ತುಕೊಂಡು. ಜಗಳ ಡಿಶ್‌ವಾಷರಿನದೇ ಅಂತ ನಿಜವಾಗಿ ನಂಬಿದ್ದರು, ಪಾಪ. ತಿಪಟೂರಿನಿಂದ ಬಂದಿದ್ದ ಅಜ್ಜಿ ಮಾತ್ರ ಒಂದು ದಿನ ಜೊತೆಗೆ ಬಂದು ನಕ್ಕರು: "ಪಾರ್ಕಲ್ಲೂ ಅದೇ ಕಣಮ್ಮ. ಯಾರ ಮಗ ಯಾವ ದೇಶದಲ್ಲಿದ್ದಾನೆ ಅನ್ನೋದೇ ಮಾತು. ನಾನು ಮಂಡಿನೋವು ಅಂತ ಹೇಳಿ ಮೇಲಕ್ಕೆ ಬಂದ್ಬಿಡ್ತೀನಿ." ಆ ಮನೆಯಲ್ಲಿ ನನ್ನ ಸಲಹೆಯ ಅಗತ್ಯ ಇಲ್ಲದಿದ್ದವರು ಅವರೊಬ್ಬರೇ.

ಹಾಗಂತ ದುಡ್ಡು ಬೇಡ ಅನ್ನುವವಳು ನಾನಲ್ಲ. ಬಾಡಿಗೆಗೆ ಪರದಾಡುವವರಿಗೆ ಸಂಬಳ ಏರಿದರೆ ಮನಸ್ಸೂ ಹಗುರಾಗುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ದಾಟಿದ ಮೇಲೆ ದಿನದಿನದ ಸಂತೋಷ ಏರುವುದಿಲ್ಲ ಅಂತ ಸಂಶೋಧಕರಾದ ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಹೇಳಿದ್ದರು. 2023ರಲ್ಲಿ ಕಾನಮನ್ ಅವರೇ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಜೊತೆ ಸೇರಿ ಅದನ್ನು ತಿದ್ದಿದರು: ಹೆಚ್ಚಿನವರಲ್ಲಿ ಆದಾಯ ಏರಿದಂತೆ ಸಂತೋಷವೂ ಏರುತ್ತಲೇ ಹೋಗುತ್ತದೆ. ಆದರೆ ಅದು ಆದಾಯದ ಮಾತು, ಕಂತಿನ ಮಾತಲ್ಲ. ಯಾವ ಮನೆ ಕೊಳ್ಳಬೇಕು, ಇರುವುದನ್ನು ಮಾರಬೇಕಾ ಅನ್ನುವುದನ್ನು ಲೆಕ್ಕ ಬಲ್ಲವರ ಹತ್ತಿರ ಕೇಳಿ. ಅದು ನನ್ನ ಕೆಲಸವಲ್ಲ.

ಇನ್ನು ಕೆಲವರ ಕಥೆಯೇ ಬೇರೆ. ಪಾರ್ಸೆಲ್ ಬಿಚ್ಚದೇ ಕಪಾಟಿನಲ್ಲಿ ತುಂಬುತ್ತಾರೆ, ಬಿಲ್ಲು ಬಚ್ಚಿಡುತ್ತಾರೆ, ಬೇಡ ಅಂದುಕೊಂಡರೂ ಕೈ ತಡೆಯುವುದಿಲ್ಲ. ಇದು ಷಡ್ಡಕನ ಕಾರಿನ ಕಥೆಯಲ್ಲ, ಕೊಳ್ಳುವ ಗೀಳು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಕೂಡ ಇದನ್ನು ತಡೆಯಲಾಗದ ತುಡಿತದ ತೊಂದರೆಗಳ ಉದಾಹರಣೆಯಾಗಿ ಹೆಸರಿಸಿದೆ. ಮನೆಯವರು ಬೈದು ಕಾರ್ಡ್ ಕಿತ್ತುಕೊಂಡರೆ ಸಾಮಾನ್ಯವಾಗಿ ಗುಟ್ಟು ಜಾಸ್ತಿ ಆಗುತ್ತದೆ, ಅಷ್ಟೇ. ಮನೋವೈದ್ಯರಿಗೆ ತೋರಿಸಿ. ಖಿನ್ನತೆ ಇದೆಯಾ ಅಂತಲೂ ಅವರು ನೋಡುತ್ತಾರೆ. ಯಾರ ಹತ್ತಿರ ಹೋಗಬೇಕು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.