ಜೋಸೆಫ್ ಸ್ಯಾಕ್ಸ್ ಟಿಪ್ಪಣಿ: ಸರೋವರ ಸರ್ಕಾರದ್ದಾದರೆ ಮಾರೋಕೇನು ಅಡ್ಡಿ?

ಪರಿಸರ ಕಾನೂನು ಓದುವವರಿಗೆ ಅಮೆರಿಕದ ಕಾನೂನು ಪಂಡಿತ ಜೋಸೆಫ್ ಸ್ಯಾಕ್ಸ್ ಎದುರಾಗೇ ಆಗುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದಾಗ 1970ರಲ್ಲಿ ಪಬ್ಲಿಕ್ ಟ್ರಸ್ಟ್ ಅಂದರೆ ಸಾರ್ವಜನಿಕ ನಂಬಿಕೆಯ ತತ್ವದ ಬಗ್ಗೆ ಬರೆದ ಲೇಖನವೇ ನಮಗೆ ಬೇಕಾದದ್ದು. ನದಿ, ಸರೋವರ, ಕಡಲತೀರ ಸರ್ಕಾರದ ಹೆಸರಲ್ಲಿರಬಹುದು. ಆದರೆ ದೇವಸ್ಥಾನದ ಜಮೀನಿಗೆ ಧರ್ಮದರ್ಶಿ ಇದ್ದ ಹಾಗೆ ಸರ್ಕಾರ ಬರೀ ನೋಡಿಕೊಳ್ಳುವವರು. ಇಷ್ಟು ಸುಲಭ.

ಮೂಲ ಕೇಸು ಇಲಿನಾಯ್ ಸೆಂಟ್ರಲ್ ರೈಲ್ವೆಯದು. 1869ರಲ್ಲಿ ಇಲಿನಾಯ್ ಶಾಸನಸಭೆ ಷಿಕಾಗೋ ಎದುರಿನ ಮಿಷಿಗನ್ ಸರೋವರದ ಸಾವಿರಕ್ಕೂ ಹೆಚ್ಚು ಎಕರೆ ತಳವನ್ನು ಕಂಪನಿಗೆ ಬರೆದುಕೊಟ್ಟಿತು. 1873ರಲ್ಲಿ ವಾಪಸ್ ಪಡೆಯಿತು. ವಾಪಸ್ ಪಡೆದದ್ದೇ ಸರಿ ಎಂದು 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು.

ತಲೆ ಕೆಡೋದು ಇಲ್ಲಿ. ಹಾಗಾದರೆ ಒಂದಿಂಚೂ ಕೊಡಬಾರದಾ? ಕೊಡಬಹುದು. ದೋಣಿಕಟ್ಟೆಗೆ ಒಂದು ತುಂಡು ಕೊಟ್ಟರೆ ಜನರಿಗೇ ಅನುಕೂಲ, ಅದಕ್ಕೆ ಅಡ್ಡಿಯಿಲ್ಲ. ಇಡೀ ಬಂದರಿನ ಹಿಡಿತವನ್ನೇ ಒಬ್ಬರ ಕೈಗೆ ಕೊಡೋ ಹಾಗಿಲ್ಲ.

ಸರಿ, ಯಾವುದು ತುಂಡು, ಯಾವುದು ಇಡೀ ಅಂತ ಜಡ್ಜ್ ತೀರ್ಮಾನಿಸುತ್ತಾರಾ? ಸ್ಯಾಕ್ಸ್ ವಾದದ ಗುಟ್ಟು ಇದೇ, ಸುಮ್ನೆ ದಾಟಿ ಹೋಗಬೇಡಿ. ಲಾಭ ಪಡೆಯುವವರು ನಾಲ್ಕೇ ಜನ, ಆದರೆ ಸಂಘಟಿತರು. ಕಳೆದುಕೊಳ್ಳುವವರು ಲಕ್ಷಾಂತರ, ಆದರೆ ಚದುರಿ ಹೋದವರು. ಹಾಗಾಗಿ ಸದ್ದಿಲ್ಲದೆ ಕೈ ಬದಲಾಗುತ್ತದೆ. ಕೋರ್ಟಿನ ಕೆಲಸ ಆ ಸದ್ದಿಲ್ಲದಿರುವಿಕೆಯನ್ನು ಮುರಿಯೋದು. ಸ್ಯಾಕ್ಸ್ ಎತ್ತಿಕೊಂಡ ಮ್ಯಾಸಚೂಸೆಟ್ಸ್ ರಾಜ್ಯದ ಕೇಸು ನೋಡಿ. ಗ್ರೇಲಾಕ್ ಬೆಟ್ಟ ಸಾರ್ವಜನಿಕ ಉದ್ಯಾನ. ಅಲ್ಲಿ ಸ್ಕೀ ರೆಸಾರ್ಟ್ ಮಾಡಲು ಗುತ್ತಿಗೆ ಕೊಟ್ಟಿದ್ದರು. ಸ್ಕೀ ಆಟ ಕೆಟ್ಟದ್ದು ಅಂತ 1966ರಲ್ಲಿ ಕೋರ್ಟ್ ಹೇಳಲಿಲ್ಲ. ಇಷ್ಟು ದೊಡ್ಡ ಅಧಿಕಾರವನ್ನು ಕಾಯ್ದೆ ಸ್ಪಷ್ಟವಾಗಿ ಕೊಟ್ಟಿಲ್ಲ, ಗುತ್ತಿಗೆ ನಡೆಯದು ಎಂದಿತು. ಅಂದರೆ ಬೇಕಿದ್ದರೆ ಶಾಸನಸಭೆ ಎಲ್ಲರ ಕಣ್ಣೆದುರು ಕೊಡಲಿ. ನನ್ನ ಪ್ರಕಾರ ಇಲಿನಾಯ್‌ಗಿಂತ ಸ್ಯಾಕ್ಸ್ ಅರ್ಥವಾಗೋದು ಇದರಲ್ಲೇ ಜಾಸ್ತಿ.

ಇದೇ ಪ್ರಶ್ನೆಗೆ ಭಾರತದ ಸುಪ್ರೀಂ ಕೋರ್ಟ್ ಏನು ಹೇಳಿತು ಅಂತ ತಿಳಿಯಲು ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಕೇಸು ಸಾಕು. ಹಿಮಾಚಲದ ಬಿಯಾಸ್ ನದಿ ದಡದ ಅರಣ್ಯ ಭೂಮಿಯನ್ನು ಮೋಟೆಲ್‌ಗೆ ಕೊಟ್ಟಿದ್ದ ಗುತ್ತಿಗೆ ರದ್ದಾಯಿತು, ತೀರ್ಪಿನಲ್ಲಿ ಸ್ಯಾಕ್ಸ್ ಲೇಖನದ ಸಾಲುಗಳೇ ಇವೆ. ಕರ್ನಾಟಕದ್ದು ಬೇಕಿದ್ದರೆ 2006ರ ಕೆಂಚಪ್ಪ ಕೇಸು ಸೇರಿಸಿ: ಕೈಗಾರಿಕೆಗೆ ಜಮೀನು ವಶಪಡಿಸಿಕೊಳ್ಳುವ ಮೊದಲೇ ಪರಿಸರದ ಮೇಲಿನ ಪರಿಣಾಮ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.